ಕನ್ನಡಕ ತೆಗೆದ ಏಕಾಂತಯ್ಯ

ಮಾಯಸಂದ್ರದ ಸಾರ್ವಜನಿಕ ವಾಚನಾಲಯದಲ್ಲಿ ಓದುಗರ ಕೈಗೆ ಕೊಡಬಾರದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ ಪುಸ್ತಕ ಒಂದೇ ಒಂದು. ಅದರಲ್ಲಿ ಅಶ್ಲೀಲವೇನೂ ಇರಲಿಲ್ಲ, ಸರ್ಕಾರವನ್ನೂ ಬೈದಿರಲಿಲ್ಲ. ಅದು ಮೂವತ್ತೆರಡು ಪುಟಗಳ ಒಂದು ಬಣ್ಣದ ಚಿತ್ರಕಥೆ. ಅದರ ನಾಯಕ ದಿನವೆಲ್ಲ ಕನ್ನಡಕ ಹಾಕಿಕೊಂಡು ಗುಮಾಸ್ತಗಿರಿ ಮಾಡುತ್ತಾನೆ. ಊರಿಗೆ ಆಪತ್ತು ಬಂದರೆ ಕನ್ನಡಕ ತೆಗೆದಿಟ್ಟು, ಹಸಿರು ಚಡ್ಡಿ ತೊಟ್ಟು, ಹಾರಿಹೋಗಿ ಎಲ್ಲರನ್ನೂ ಕಾಪಾಡುತ್ತಾನೆ. ಮಾರನೆಯ ದಿನ ಮತ್ತೆ ಕನ್ನಡಕ ಹಾಕಿಕೊಂಡು ಕಛೇರಿಗೆ ಬಂದರೆ ಪಕ್ಕದ ಮೇಜಿನವನಿಗೂ ಗುರುತು ಸಿಗುವುದಿಲ್ಲ.

ಗ್ರಂಥಪಾಲಕ ಏಕಾಂತಯ್ಯನವರಿಗೆ ಹಾರುವುದರ ಬಗ್ಗೆ ತಕರಾರಿರಲಿಲ್ಲ. ಹನುಮಂತನೂ ಹಾರಿದ್ದಾನೆ. ಅವರ ತಕರಾರು ಕನ್ನಡಕದ್ದು.

"ಅಲ್ಲಯ್ಯ, ಕನ್ನಡಕ ತೆಗೆದ್ರೆ ಮೂಗು ಎಲ್ಲಿಗೆ ಹೋಗ್ತದೆ?" ಎಂದು ಅವರು ಎದುರು ಹೋಟೆಲಿನ ಸಣ್ಣತಿಮ್ಮಯ್ಯನನ್ನು ಕೇಳಿದರು.

ಸಣ್ಣತಿಮ್ಮಯ್ಯ ಟೀ ಸೋಸುವುದನ್ನು ನಿಲ್ಲಿಸಿ ಯೋಚಿಸಿದ. "ಅದು ಪರದೇಶದ ಊರು ಸಾಮಿ. ಅಲ್ಲಿ ಯಾರೂ ಯಾರ ಮುಖಾನೂ ನೋಡಲ್ವಂತೆ. ನಮ್ಮೂರಲ್ಲಾಗಿದ್ರೆ ನಾನು ನೆರಳು ನೋಡಿ ಹೇಳಿಬುಡ್ತಿದ್ದೆ."

ಇಂಥ ಸುಳ್ಳನ್ನು ಓದಿ ಊರಿನ ಜನರ ಬುದ್ಧಿ ಕೆಡಬಾರದೆಂದು ಏಕಾಂತಯ್ಯ ಆ ಪುಸ್ತಕಕ್ಕೆ ಬೀಗ ಹಾಕಿದರು.

ಈ ಏಕಾಂತಯ್ಯನವರನ್ನು ಮಾಯಸಂದ್ರದಲ್ಲಿ ಅರಿಯದವರಿಲ್ಲ. ಐದು ಅಡಿ ಮೂರು ಅಂಗುಲ ಎತ್ತರ. ಬೇಸಿಗೆಯಲ್ಲೂ ಕರಿ ಕೋಟು, ಬಿಳಿ ಟೋಪಿ, ಹಣೆ ತುಂಬ ಮೂರು ಪಟ್ಟೆ ವಿಭೂತಿ, ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದರ ಒಂದು ಕಾಲು ಮುರಿದು ದಾರ ಕಟ್ಟಿದ್ದರು. ಕನ್ನಡಕವಿಲ್ಲದಿದ್ದರೆ ಅವರಿಗೆ ಲೋಕವೆಲ್ಲ ಮಜ್ಜಿಗೆ. ಒಮ್ಮೆ ಹಿತ್ತಿಲಿನ ತೆಂಗಿನ ಮರಕ್ಕೆ ನಮಸ್ಕಾರ ಹೇಳಿ, ಅದು ಉತ್ತರ ಕೊಡದಿದ್ದಾಗ ಬೇಸರಪಟ್ಟುಕೊಂಡಿದ್ದರು. ಹನ್ನೊಂದು ವರ್ಷದಿಂದ ಅವರದು ಹಂಗಾಮಿ ಕೆಲಸ. ಅದು ಕಾಯಂ ಆಗಬೇಕಾದರೆ ಜಿಲ್ಲಾ ಕಛೇರಿಯ ಅಧಿಕಾರಿಯೊಬ್ಬರು ಬಂದು ನೋಡಿ ವರದಿ ಬರೆಯಬೇಕಿತ್ತು. ಈ ವಾರ ಯಾವತ್ತಾದರೂ ಬರುತ್ತೇವೆಂದು ಕಾಗದ ಬಂದಿತ್ತು. ಆ ವಾರ ಏಕಾಂತಯ್ಯ ಊಟವನ್ನೂ ಕೋಟು ಹಾಕಿಕೊಂಡೇ ಮಾಡಿದರು.

ಊರಿನಲ್ಲಿ ಕಟ್ಟಡವಿಲ್ಲದ್ದರಿಂದ ವಾಚನಾಲಯ ನಡೆಯುತ್ತಿದ್ದುದು ಅವರ ಮನೆಯ ಮುಂದಿನ ಪಡಸಾಲೆಯಲ್ಲೇ. ಹಿಂದೆ ಸಂಸಾರ, ಅದರ ಹಿಂದೆ ಹಿತ್ತಿಲು, ಹತ್ತು ತೆಂಗಿನ ಮರ ಮತ್ತು ಕಾವೇರಿ ಎಂಬ ಬಿಳಿ ಹಸು.

1979ರ ಏಪ್ರಿಲ್ ತಿಂಗಳ ಒಂದು ಗುರುವಾರ, ಹನ್ನೊಂದು ಗಂಟೆ. ಒಬ್ಬ ಓದುಗನೂ ಇರಲಿಲ್ಲ. ಬಿಸಿಲಿಗೆ ಕಣ್ಣು ಕತ್ತಲಿಟ್ಟಂತಾಗಿ ಏಕಾಂತಯ್ಯ ಕೋಟನ್ನು ಕುರ್ಚಿಗೆ ತೊಡಿಸಿದರು, ಟೋಪಿ ಕನ್ನಡಕಗಳನ್ನು ಮೇಜಿನ ಮೇಲಿಟ್ಟರು, ಬಚ್ಚಲಿಗೆ ಹೋಗಿ ಮುಖಕ್ಕೆ ನಾಲ್ಕು ಚೊಂಬು ನೀರು ಸುರಿದುಕೊಂಡರು. ವಿಭೂತಿ ತೊಳೆದುಹೋಯಿತು. ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಗೌರಮ್ಮ ಬೇಲಿಯಾಚೆಯಿಂದ ಕೂಗಿಕೊಂಡರು. ಕಾವೇರಿ ಹಗ್ಗ ಬಿಚ್ಚಿಕೊಂಡು ಹೋಗಿ ಅವರ ತೆಂಗಿನ ಸಸಿಗಳನ್ನು ಮೇಯುತ್ತಿತ್ತು.

ಏಕಾಂತಯ್ಯ ಬನಿಯನ್-ಪಂಚೆಯಲ್ಲಿ ಹಿಂಬಾಗಿಲಿನಿಂದ ಓಡಿದರು. ಎಡಕ್ಕೆ ತಿರುಗಬೇಕಿತ್ತು. ಕಣ್ಣು ಕಾಣದೆ ಬಲಕ್ಕೆ ತಿರುಗಿದರು. ಬಲಕ್ಕೆ ಓಣಿ ಬಳಸಿ ಹೋದರೆ ಇದ್ದದ್ದು ವಾಚನಾಲಯದ ಎದುರಿನ ಬಸ್ ನಿಲ್ದಾಣ.

ಬಸ್ ನಿಲ್ದಾಣದಲ್ಲಿ ಆಗ ನಡೆಯುತ್ತಿದ್ದುದು ಬೇರೆಯೇ ಕಥೆ. ಊರಿನಲ್ಲಿ ದೇವರಿಗೆ ಬಿಟ್ಟ ಬಸವನೊಂದಿತ್ತು. ಕಾವೇರಿಯಂತೆಯೇ ಬಿಳಿ, ಅಳತೆ ಮಾತ್ರ ಎರಡರಷ್ಟು. ದೇವರ ಬಸವನಾದ್ದರಿಂದ ಯಾರೂ ಅದಕ್ಕೆ ಕೋಲು ತೋರಿಸುವಂತಿಲ್ಲ, ಗದರುವಂತಿಲ್ಲ. ಅದು ಎದುರಿಗೆ ಬಂದರೆ ಕೈಮುಗಿಯಬೇಕು, ಕೈಮುಗಿದ ಮೇಲೆ ಓಡಬೇಕು. ಅವತ್ತು ತುರುವೇಕೆರೆ ಬಸ್ಸಿನಿಂದ ಒಬ್ಬ ಅಪರಿಚಿತರು ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಇಳಿದರು. ಬಸವನಿಗೆ ಫೈಲಿನ ಮೇಲೆ ಆಸೆ ಇರಲಿಲ್ಲ. ಬಾಳೆಹಣ್ಣು ಬಿಸಾಕಿದ್ದರೆ ಮುಗಿಯುತ್ತಿತ್ತು. ಆದರೆ ಆ ಅಪರಿಚಿತರು ಸರ್ಕಾರಿ ಅಧಿಕಾರಿಗಳು, ಕೈಗೆ ಬಂದದ್ದನ್ನು ಬಿಟ್ಟು ಅಭ್ಯಾಸವಿಲ್ಲ. ಲಾರಿಗೆ ತುಂಬಲು ರಾಶಿ ಹಾಕಿದ್ದ, ಕಾಯಿ ಸುಲಿದ ತೆಂಗಿನ ಮಟ್ಟೆಯ ಗುಡ್ಡೆಯನ್ನು ಹತ್ತತೊಡಗಿದರು. ಎರಡು ಹೆಜ್ಜೆ ಹತ್ತಿದರೆ ಮಟ್ಟೆ ಜಾರಿ ಮೂರು ಹೆಜ್ಜೆ ಇಳಿಯುತ್ತಿದ್ದರು. ಬಸವ ಕೆಳಗೆ ಕೊಂಬು ತಿರುವುತ್ತ ಕಾಯುತ್ತಿತ್ತು. ಜನ ಹೋಟೆಲಿನ ಬೆಂಚುಗಳ ಮೇಲೆ, ಬಸ್ಸಿನ ಟಾಪಿನ ಮೇಲೆ ನಿಂತು ಕೈಮುಗಿಯುತ್ತಿದ್ದರು.

ಅಲ್ಲಿಗೆ ಏಕಾಂತಯ್ಯ ಬಂದರು. ಅವರಿಗೆ ಕಂಡದ್ದು ಒಂದು ದೊಡ್ಡ ಬಿಳುಪು. ನೇರವಾಗಿ ಹೋಗಿ ಅದರ ಕಿವಿ ಹಿಡಿದು ಕೆನ್ನೆಗೆ ಒಂದು ಏಟು ಕೊಟ್ಟರು.

"ಏನೇ ಕಾವೇರಿ, ಬೆಳಿಗ್ಗೆ ಇಟ್ಟ ಹಿಂಡಿ ಸಾಲ್ದೇನೇ ನಿಂಗೆ? ಹೆಣ್ಣಾಗಿ ಹುಟ್ಟಿ ಮಾನ ಮರ್ಯಾದೆ ಬ್ಯಾಡ್ವೇನೇ? ನಡಿ ಮನೆಗೆ."

ದೇವರ ಹೆಸರಿಗೆ ಬಿಟ್ಟ ದಿನದಿಂದ ಆ ಪ್ರಾಣಿಯ ಕಿವಿಯನ್ನು ಯಾರೂ ಹಿಂಡಿರಲಿಲ್ಲ. ಹೆಣ್ಣೆಂದು ಯಾರೂ ಕರೆದಿರಲಿಲ್ಲ. ಅದಕ್ಕೆ ಏನು ಮಾಡಬೇಕೆಂದು ತಿಳಿಯದೆ ತಲೆ ತಗ್ಗಿಸಿ ಹಿಂದೆ ನಡೆಯಿತು. ಮಟ್ಟೆ ಗುಡ್ಡೆಯ ಮೇಲಿದ್ದ ಅಧಿಕಾರಿ, ಬೆಂಚಿನ ಮೇಲಿದ್ದ ಸಣ್ಣತಿಮ್ಮಯ್ಯ, ಬಸ್ಸಿನ ಮೇಲಿದ್ದ ನಲವತ್ತು ಮಂದಿ ಬಾಯಿ ತೆರೆದು ನೋಡಿದರು.

ಓಣಿಯ ಕೊನೆ ತಲುಪುವ ಹೊತ್ತಿಗೆ ಚಿಕ್ಕಗೌರಮ್ಮನ ಹಿತ್ತಿಲಿನಿಂದ ಕಾವೇರಿ ಅಂಬಾ ಎಂದು ಕೂಗಿತು. ಅಲ್ಲಿ ಕೂಗುತ್ತಿರುವುದು ಕಾವೇರಿಯಾದರೆ ಇಲ್ಲಿ ಕೈಯಲ್ಲಿರುವುದು ಯಾರ ಕಿವಿ? ಏಕಾಂತಯ್ಯ ಇನ್ನೊಂದು ಕೈಯಿಂದ ತಡವಿ ನೋಡಿದರು. ಬೆನ್ನ ಮೇಲೆ ಗುಡ್ಡದಂಥ ಹಿಣಿಲು ಸಿಕ್ಕಿತು. ನಿದ್ದೆ ಮಾಡುವ ಮಗುವನ್ನು ತೊಟ್ಟಿಲಲ್ಲಿ ಇಳಿಸುವಂತೆ ಕಿವಿಯನ್ನು ಮೆಲ್ಲಗೆ ಬಿಟ್ಟು, ಹಿಂಬಾಗಿಲಿನಿಂದ ಒಳಗೆ ಓಡಿದರು.

ಕೋಟಿಗೆ ಕೈಹಾಕಿ ಎಳೆದಾಗ ಕುರ್ಚಿಯಿಂದ ಒಂದು ತೆಂಗಿನಕಾಯಿ ಉರುಳಿ ಬಿದ್ದಿತು. ನಮ್ಮ ಸೀಮೆಯಲ್ಲಿ ಎಲ್ಲಿ ಏನನ್ನು ಎಳೆದರೂ ಒಂದು ಕಾಯಿ ಉರುಳುವುದು ಸಾಮಾನ್ಯ, ಆದ್ದರಿಂದ ಅವರು ಅದನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದರು. ನೆಲ ತಡವಿ ಟೋಪಿ, ಕನ್ನಡಕ ಹುಡುಕಿ ಹಾಕಿಕೊಂಡರು. ಹಣೆಗೆ ವಿಭೂತಿ ಎಳೆದುಕೊಂಡು ಕೈಗೆ ಸಿಕ್ಕ ಪುಸ್ತಕ ತೆರೆದು ಕುಳಿತರು. ಎದೆ ಕೊಬ್ಬರಿ ಗಿಟಕಿನಂತೆ ಲೊಡಲೊಡ ಎನ್ನುತ್ತಿತ್ತು.

ಐದು ನಿಮಿಷಕ್ಕೆ ಅಧಿಕಾರಿ ಬಂದರು. ಮೈಯೆಲ್ಲ ನಾರು ಅಂಟಿಕೊಂಡು ಅವರೇ ಒಂದು ಸುಲಿಯದ ಕಾಯಿಯಂತಿದ್ದರು. ಹಿಂದೆಯೇ ಟೀ ಹಿಡಿದು ಸಣ್ಣತಿಮ್ಮಯ್ಯ ಬಂದ. ತಾನು ಗಂಗಾಧರಯ್ಯ, ತಪಾಸಣೆಗೆ ಬಂದವನು ಎಂದು ಅಧಿಕಾರಿ ಹೇಳಿಕೊಂಡರು. ನಂತರ ಕಣ್ಣು ಕಿರಿದು ಮಾಡಿ ಕೇಳಿದರು.

"ಹೊರಗೆ ಪ್ರಳಯ ಆಗ್ತಿತ್ತು ಕಣ್ರೀ. ನೀವೆಲ್ಲಿದ್ರಿ?"

"ಇಲ್ಲೇ ಇದ್ದೆ ಸಾರ್. ಓದ್ತಿದ್ದೆ."

"ಕುರ್ಚಿ ಖಾಲಿ ಇತ್ತು ಅಂತ ಯಾರಾದ್ರೂ ಅಂದ್ರೆ ನಿಮ್ಮ ಹನ್ನೊಂದು ವರ್ಷ ಇವತ್ತಿಗೇ ಮುಗೀತು. ಹೋದ ವಾರ ಒಬ್ಬನನ್ನ ಮನೆಗೆ ಕಳಿಸಿ ಬಂದಿದೀನಿ."

ಏಕಾಂತಯ್ಯನವರು ಪುಸ್ತಕವನ್ನು ಮುಖದ ಹತ್ತಿರಕ್ಕೆ ತಂದುಕೊಂಡರು. ಅವರು ಅದನ್ನು ತಲೆಕೆಳಗಾಗಿ ಹಿಡಿದಿದ್ದರು. ಆಗ ಸಣ್ಣತಿಮ್ಮಯ್ಯ ಟೀ ಲೋಟ ಕೆಳಗಿಟ್ಟ.

"ನಾನು ಕಣ್ಣಾರೆ ಕಂಡೀವ್ನಿ ಸಾರ್. ಬಸವ ನುಗ್ಗಿದಾಗ ಬೆಂಚಿನ ಮ್ಯಾಲಿಂದ ಈ ಕಿಟಕಿ ಕಡೆ ತಿರುಗಿ, ಏಕಾಂತಯ್ಯನೋರೆ ಬಾಗ್ಲು ಹಾಕ್ಕಳಿ ಅಂತ ಕೂಗ್ದೆ. ಅಲ್ಲಾಡ್ಲಿಲ್ಲ. ಟೋಪಿ ಹಾಕ್ಕಂಡು, ಕನ್ನಡ್ಕ ಹಾಕ್ಕಂಡು, ಕಲ್ಲು ಕೂತಂಗೆ ಕೂತಿದ್ರು."

ಇದನ್ನು ಕೇಳಿ ಅಧಿಕಾರಿಗಿಂತ ಹೆಚ್ಚು ಬೆರಗಾದವರು ಏಕಾಂತಯ್ಯ. ಆದರೆ ದೇವರು ಸಾಕ್ಷಿ ಕಳಿಸಿದಾಗ ಪಾಟೀಸವಾಲು ಮಾಡಬಾರದೆಂದು ಸುಮ್ಮನಾದರು. ಗಂಗಾಧರಯ್ಯನವರು ಅಲ್ಲೇ ಕುಳಿತು ವರದಿ ಬರೆದರು: ಪ್ರಳಯ ಸಂದರ್ಭದಲ್ಲಿಯೂ ಕರ್ತವ್ಯದ ಕುರ್ಚಿಯನ್ನು ಬಿಟ್ಟು ಕದಲದ ಸಿಬ್ಬಂದಿ, ಕಾಯಂ ಮಾಡಲು ಯೋಗ್ಯ. ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಆ ಮಹಾನುಭಾವ ಯಾರೆಂದು ಪತ್ತೆ ಮಾಡಬೇಕು, ಅವನಿಂದ ನನ್ನ ಜೀವ ಉಳಿಯಿತು ಎಂದರು. ಎದುರಿಗಿದ್ದವರನ್ನು ಮೇಲಿನಿಂದ ಕೆಳಗೆ ನೋಡಿ, ನಿಮ್ಮಂಥವರು ಅವನನ್ನು ದೂರದಿಂದಲಾದರೂ ನೋಡಿ ಕಲಿಯಬೇಕಿತ್ತು ಎಂದೂ ಸೇರಿಸಿದರು.

ಊರು ಪತ್ತೆಗೆ ಇಳಿಯಿತು. ಪಂಚಾಯಿತಿ ಚೇರ್ಮನ್ ಮಲ್ಲಿಕಾರ್ಜುನಯ್ಯನವರು ಹುಡುಕಿ ಸನ್ಮಾನ ಮಾಡುವುದಾಗಿ ಡಂಗುರ ಹೊಡೆಸಿದರು. ಮೊದಲ ಎರಡು ದಿನ ಏಕಾಂತಯ್ಯ ಯಾರಾದರೂ ಗುರುತು ಹಿಡಿದಾರೆಂಬ ಭಯದಲ್ಲಿ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಯಾರೂ ಗುರುತು ಹಿಡಿಯಲಿಲ್ಲವಲ್ಲ ಎಂಬ ಕೊರಗು ಶುರುವಾಯಿತು.

ಕೊರಗಲು ಕಾರಣವಿತ್ತು. ಆ ಮಹಾನುಭಾವ ದಿನಕ್ಕೆ ಎರಡು ಅಂಗುಲ ಬೆಳೆಯುತ್ತಿದ್ದ. ಸಣ್ಣತಿಮ್ಮಯ್ಯನ ಲೆಕ್ಕದಲ್ಲಿ ಆರಡಿ ಇದ್ದವನು ವಾರದ ಕೊನೆಗೆ ಏಳಡಿ ಮುಟ್ಟಿದ. ದೇವರ ಬಸವನಿಗೆ ಹೊಡೆದೂ ಕೈ ಬಿದ್ದುಹೋಗದಿದ್ದ ಮೇಲೆ ಅವನು ಬರಿಯ ಮನುಷ್ಯನಾಗಿರಲಿಕ್ಕಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಬಸವನನ್ನು ಅವನು ಕಾವೇರಿ ಎಂದು ಕರೆದದ್ದು ಏಕೆಂಬ ಚರ್ಚೆ ಎರಡು ಸಂಜೆ ನಡೆದು, ಅವನು ತಲಕಾವೇರಿಯ ಕಡೆಯ ಸಿದ್ಧಪುರುಷನೆಂದು ಗೊತ್ತಾಯಿತು. ಚಿಕ್ಕಗೌರಮ್ಮ ಬೇಲಿಯ ಬಳಿ ನಿಂತು ಏಕಾಂತಯ್ಯನವರಿಗೇ ಹೇಳಿದರು.

"ನಿಮ್ಮ ಹಸೂಗೂ ಅದೇ ಹೆಸರು ಅಲ್ವೇ ಸಾಮಿ. ಏನು ಪುಣ್ಯ ಮಾಡಿತ್ತೋ. ನೀವು ಅದನ್ನ ಕಟ್ಟಾಕೋದು ಮಾತ್ರ ಕಲೀಲಿಲ್ಲ."

ಸನ್ಮಾನ ಪತ್ರ ಬರೆಯುವ ಕೆಲಸ ಊರಿನ ಏಕೈಕ ಪುಸ್ತಕದ ಮನುಷ್ಯನಿಗೆ ಬಂತು. ಏಕಾಂತಯ್ಯ ತಮ್ಮನ್ನು ತಾವೇ ಹೊಗಳಿ ಎರಡು ಪುಟ ಬರೆದರು. ನಾಚಿಕೆಯಿಂದ ಸ್ವಲ್ಪ ಕಡಿಮೆಯೇ ಹೊಗಳಿದ್ದರು. ಮಲ್ಲಿಕಾರ್ಜುನಯ್ಯನವರು ಓದಿಸಿ ಕೇಳಿ, ಕಾಗದ ವಾಪಸು ಕೊಟ್ಟರು. ಧೈರ್ಯಸ್ಥರನ್ನು ಹೊಗಳಲೂ ಧೈರ್ಯ ಬೇಕಾಗುತ್ತದೆ, ಪಾಪ ನಿಮಗೆಲ್ಲಿಂದ ಬರಬೇಕು, ಸಣ್ಣತಿಮ್ಮಯ್ಯನ ಸಹಾಯ ತೆಗೆದುಕೊಳ್ಳಿ ಎಂದರು.

ಅವತ್ತು ಏಕಾಂತಯ್ಯನವರಿಗೆ ತಡೆಯಲಾಗಲಿಲ್ಲ. ಕೋಟು, ಟೋಪಿ, ಕನ್ನಡಕ ಎಲ್ಲ ತೆಗೆದಿಟ್ಟು, ವಿಭೂತಿ ಒರೆಸಿಕೊಂಡು, ಬನಿಯನ್-ಪಂಚೆಯಲ್ಲಿ ನಡು ಮಧ್ಯಾಹ್ನ ರಸ್ತೆ ದಾಟಿ ಸಣ್ಣತಿಮ್ಮಯ್ಯನ ಹೋಟೆಲಿಗೆ ಹೋದರು. ದಾರಿಯಲ್ಲಿ ಎರಡು ಕಡೆ ಎಡವಿದರು. ಹೋಗಿ ಬೆಂಚಿನ ಮೇಲೆ ಎದೆ ಉಬ್ಬಿಸಿ ಕುಳಿತರು. ಈಗ ಇವನು ಒಂದೋ ಏಕಾಂತಯ್ಯ ಎನ್ನಬೇಕು, ಇಲ್ಲವೇ ಮಹಾನುಭಾವ ಎನ್ನಬೇಕು. ಮೂರನೆಯ ದಾರಿಯಿಲ್ಲ.

"ಯಾವೂರ ಕಡೆಯಿಂದ ಬಂದ್ರಿ ಯಜಮಾನ್ರೆ?" ಎಂದ ಸಣ್ಣತಿಮ್ಮಯ್ಯ. "ಕೊಬ್ರಿ ವ್ಯಾಪಾರಾನೋ?"

ಏಕಾಂತಯ್ಯ ಎದೆಯನ್ನು ಇನ್ನೊಂದಿಷ್ಟು ಉಬ್ಬಿಸಿದರು.

"ತಿಪಟೂರ ಕಡೇರು ಇರ್ಬೇಕು, ಮಾತು ಕಮ್ಮಿ. ಒಂದಿನ ಇದ್ದು ಹೋಗಿ. ನಾಳೆ ಸನ್ಮಾನ ಐತೆ. ಏಳಡಿ ಆಳು. ನೋಡ್ಬೇಕು ನೀವು, ಮುಖದಾಗೆ ಏನು ಕಳೆ. ಒಂದ್ಸಲ ನೋಡಿದ್ರೆ ಜನ್ಮದಾಗೆ ಮರೆಯಂಗಿಲ್ಲ."

ಏಕಾಂತಯ್ಯ ಟೀ ಕುಡಿಯದೆ ಎದ್ದು ಬಂದರು. ಮನೆಯಲ್ಲಿ ಹೆಂಡತಿ ಗುರುಶಾಂತಮ್ಮ ಹಪ್ಪಳ ಒತ್ತುತ್ತ ಕುಳಿತಿದ್ದವರು ತಲೆಯೆತ್ತಿ, ಕನ್ನಡಕವಿಲ್ಲದೆ ಎಲ್ಲಿಗೆ ಹೋಗಿದ್ದಿರೆಂದಷ್ಟೇ ಕೇಳಿದರು.

ಸನ್ಮಾನದ ದಿನ ಬಸ್ ನಿಲ್ದಾಣದ ಎದುರು ಚಪ್ಪರ ಹಾಕಿದರು. ನಾಯಕನಿಗೆ ಒಂದು ಖಾಲಿ ಕುರ್ಚಿ, ಅದಕ್ಕೆ ಸೇವಂತಿಗೆ ಹಾರ. ಅವನು ಮನುಷ್ಯನಾದರೆ ಬಂದು ಕೂರುತ್ತಾನೆ, ದೇವರಾದರೆ ಕುರ್ಚಿಗೇ ಸಲ್ಲುತ್ತದೆ ಎಂದು ಮಲ್ಲಿಕಾರ್ಜುನಯ್ಯನವರ ಏರ್ಪಾಟು. ಗಂಗಾಧರಯ್ಯನವರು ಏಕಾಂತಯ್ಯನವರ ಕಾಯಂ ಆದೇಶವನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಬೆಳಗಿನಿಂದ ಹನ್ನೊಂದು ಜನ ತಾವೇ ಆ ಮಹಾನುಭಾವರೆಂದು ಬಂದಿದ್ದರು. ಸಣ್ಣತಿಮ್ಮಯ್ಯ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಎತ್ತರ ನೋಡಿ ವಾಪಸು ಕಳಿಸಿದ್ದ.

ಏಕಾಂತಯ್ಯ ಮೈಕಿನ ಮುಂದೆ ನಿಂತು ಸನ್ಮಾನ ಪತ್ರ ಓದತೊಡಗಿದರು. 'ವೃಷಭಮರ್ದನ, ಅಭಯಪ್ರದಾಯಕ' ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿನವರು ಎದ್ದು ಕೈಮುಗಿದರು. ತಮ್ಮ ಬರವಣಿಗೆ ಇಷ್ಟು ನಾಟಿತೇ ಎಂದು ಏಕಾಂತಯ್ಯ ಹಿಗ್ಗಿದರು. ಕೈಮುಗಿದವರು ನಂತರ ಓಡಿದರು.

ಬಸವ ವೇದಿಕೆ ಹತ್ತಿತ್ತು. ಖಾಲಿ ಕುರ್ಚಿಯ ಸೇವಂತಿಗೆ ಹಾರವನ್ನು ನಿಧಾನವಾಗಿ ತಿಂದು ಮುಗಿಸಿತು. ಮಲ್ಲಿಕಾರ್ಜುನಯ್ಯ ಮೇಜಿನಡಿಗೆ ಹೋದರು. ಅಲ್ಲಿ ಆಗಲೇ ಗಂಗಾಧರಯ್ಯನವರಿದ್ದರು. ಬಸವ ಕರಿ ಕೋಟಿನ ಏಕಾಂತಯ್ಯನವರ ಹತ್ತಿರ ಬಂದು ಮೂಸಿತು. ಕೋಟು ಮೂಸಿತು, ಕೈ ಮೂಸಿತು, ಅವತ್ತು ಹಿಂಡಿಸಿಕೊಂಡ ಕಿವಿಯನ್ನು ತಗ್ಗಿಸಿ ಅವರ ಹೊಟ್ಟೆಗೆ ತಲೆ ಒರಗಿಸಿ ನಿಂತಿತು.

ಇಡೀ ಮಾಯಸಂದ್ರದಲ್ಲಿ ಅವರ ಗುರುತು ಹಿಡಿದದ್ದು ಅದೊಂದೇ.

ಏಕಾಂತಯ್ಯನವರು ಅದರ ಕಿವಿ ಸವರಿದರು. "ನಡಿ ಮನೆಗೆ" ಎಂದು ಮೆಲ್ಲಗೆ ಹೇಳಿದರು. ಬಸವ ತಿರುಗಿ, ಮೆಟ್ಟಿಲಿಳಿದು ಹೋಯಿತು. ಆಗ ಅವರು ಮೇಜಿನಡಿಯಲ್ಲಿದ್ದ ಗಂಗಾಧರಯ್ಯನವರ ಜೇಬನ್ನೊಮ್ಮೆ ನೋಡಿದರು. ಹನ್ನೊಂದು ವರ್ಷ ಅದರಿಂದ ಅರ್ಧ ಇಣುಕುತ್ತಿತ್ತು. ಆದರೂ ಮೈಕಿಗೆ ಬಾಯಿಟ್ಟು ಹೇಳಿಬಿಟ್ಟರು.

"ಅವತ್ತು ಬಂದೋನು ನಾನೇ. ಕುರ್ಚಿ ಬಿಟ್ಟು ಹೋಗಿದ್ದೆ. ಕೆಲಸ ಹೋದ್ರೆ ಹೋಗ್ಲಿ."

ಹೇಳಿದವರೇ ಟೋಪಿ ತೆಗೆದರು, ಕನ್ನಡಕ ತೆಗೆದರು, ವಿಭೂತಿ ಒರೆಸಿಕೊಂಡರು, ಕೋಟು ಕಳಚಿ ಬನಿಯನ್ನಿನಲ್ಲಿ ನಿಂತರು. ಓಡಿಹೋಗಿ ಬಸ್ಸಿನ ಮೇಲೆ ಹತ್ತಿದ್ದ ಜನ ಕತ್ತು ಚಾಚಿ ನೋಡಿದರು.

ಮೊದಲು ಬಾಯಿ ಬಿಟ್ಟವನು ಸಣ್ಣತಿಮ್ಮಯ್ಯ. "ಪಾಪ" ಎಂದ.

ಅವನು ವೇದಿಕೆಗೆ ಬಂದು, ಅವತ್ತು ಏಕಾಂತಯ್ಯನವರು ಕುರ್ಚಿಯಲ್ಲೇ ಇದ್ದರೆಂದೂ, ತಾನು ಕೂಗಿದಾಗ ಬೇಡವೆಂದು ತಲೆಯಾಡಿಸಿ ಪುಟ ತಿರುವಿದರೆಂದೂ ಮತ್ತೊಮ್ಮೆ ಪ್ರಮಾಣ ಮಾಡಿದ. ಬಸವನ ವಿಷಯಕ್ಕೂ ಉತ್ತರವಿತ್ತು. ಆ ಸಿದ್ಧಪುರುಷನ ಕೈ ಸೋಕಿದ ಮೇಲೆ ಅದು ಎಷ್ಟು ಸಾಧುವಾಗಿದೆಯೆಂದರೆ ಈಗ ಏಕಾಂತಯ್ಯನಂಥವರ ಮಾತನ್ನೂ ಕೇಳುತ್ತದೆ ಎಂದು ಚಿಕ್ಕಗೌರಮ್ಮ ವಿವರಿಸಿದರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಗಂಗಾಧರಯ್ಯನವರು ಮೇಜಿನಡಿಯಿಂದ ಎದ್ದು ಬಂದು ಏಕಾಂತಯ್ಯನವರ ಭುಜ ಸವರಿದರು.

"ನೋಡ್ರಿ, ಮಟ್ಟೆ ಗುಡ್ಡೆ ಮೇಲಿಂದ ಅವರ ಮುಖ ನೋಡಿದೋನು ನಾನು. ನಿಮಗೂ ಅವರಿಗೂ ಮೂಗು ಒಂದೇ ಥರ ಇದೆ, ಅಷ್ಟೇ. ಓದಿ ಓದಿ ಹಿಂಗಾಗ್ತದೆ. ತಗೊಳ್ಳಿ, ಕಾಯಂ ಆಗಿದೀರಿ. ವಾರ ರಜಾ ಹಾಕಿ."

ಜನ ಕನಿಕರದಿಂದ ಚಪ್ಪಾಳೆ ತಟ್ಟಿದರು. ಕನ್ನಡಕವಿಲ್ಲದ ಏಕಾಂತಯ್ಯ ಆದೇಶ ತೆಗೆದುಕೊಂಡು ಮೈಕಿನ ಕಂಬಕ್ಕೆ ಕೈಮುಗಿದು ಇಳಿದರು.

ಮನೆಗೆ ಬಂದು, ಕಳಚಿದ್ದ ಕನ್ನಡಕ ಮತ್ತೆ ಹಾಕಿಕೊಂಡು, ಹಿತ್ತಿಲಿನ ಕಟ್ಟೆಯ ಮೇಲೆ ಕುಳಿತರು. ಕಾವೇರಿ ಮೆಲುಕು ಹಾಕುತ್ತಿತ್ತು. ಗುರುಶಾಂತಮ್ಮ ಕಾಫಿ ತಂದು ಪಕ್ಕದಲ್ಲಿಟ್ಟರು. ತಾನೇ ಅವನೆಂದು ಹೇಳಿದರೂ ಯಾರೂ ನಂಬಲಿಲ್ಲ ಎಂದರು ಏಕಾಂತಯ್ಯ.

"ಹೇಳಬಾರ್ದಿತ್ತು" ಎಂದರು ಗುರುಶಾಂತಮ್ಮ. "ನಾನು ಅಷ್ಟು ಕಷ್ಟಪಟ್ಟಿದ್ದೆ."

ಏಕಾಂತಯ್ಯ ಲೋಟ ಕೆಳಗಿಟ್ಟರು.

"ಮಾಳಿಗೆ ಮೇಲೆ ಸಂಡಿಗೆ ಹರವ್ತಿದ್ದೆ ಕಣ್ರೀ. ಬಸ್ಸಿಂದ ಒಬ್ಬರು ಫೈಲು ಎದೆಗವುಚಿಕೊಂಡು ಇಳಿದ್ರು. ನೋಡಿದ್ರೆ ಗೊತ್ತಾಗಲ್ವೇ, ನಿಮ್ಮ ಸಾಹೇಬ್ರೇ ಅಂತ. ಈ ಕಡೆ ನೋಡಿದ್ರೆ ನೀವು ಬನಿಯನ್ನಲ್ಲಿ ಎಡಕ್ಕೆ ಹೋಗೋದು ಬಿಟ್ಟು ಬಲಕ್ಕೆ ಓಡ್ತಿದೀರಿ. ಕೂಗಿದ್ರೆ ಊರೆಲ್ಲ ತಿರುಗಿ ನೋಡೋರು. ಇಳಿದು ಬಂದು, ಒಂದು ಜುಟ್ಟಿನ ಕಾಯಿಗೆ ವಿಭೂತಿ ಬಳಿದು, ನಿಮ್ಮ ಕೋಟಿನ ಮೇಲೆ ಇಟ್ಟು, ಟೋಪಿ ಕನ್ನಡಕ ಹಾಕ್ದೆ."

ತಲೆಯಾಡಿಸಿದ್ದು, ಪುಟ ತಿರುವಿದ್ದು, ಪ್ರಳಯದಲ್ಲೂ ಕದಲದಿದ್ದದ್ದು ಯಾರೆಂದು ಏಕಾಂತಯ್ಯನವರಿಗೆ ಈಗ ತಿಳಿಯಿತು. ಮಡಿಲಲ್ಲಿದ್ದ ಕಾಯಂ ಆದೇಶವನ್ನು ತಿರುಗಿಸಿ ನೋಡಿದರು. ನ್ಯಾಯವಾಗಿ ಅದು ತಮಗೆ ಸೇರಬೇಕಾದದ್ದಲ್ಲ.

"ಹಂಗಾದ್ರೆ ನಿಂಗೆ ಮೊದಲಿಂದ ಗೊತ್ತಿತ್ತು. ಅಷ್ಟು ಎತ್ತರದಿಂದ ನಾನೇ ಅಂತ ಹೆಂಗೆ ಗುರುತು ಹಿಡಿದೆ? ಮಾರುದೂರದಲ್ಲಿ ಹೋಗಿ ಕೂತ್ರೂ ಸಣ್ಣತಿಮ್ಮಯ್ಯಂಗೇ ಆಗ್ಲಿಲ್ಲ."

"ಅವನು ನಿಮ್ಮ ಕನ್ನಡಕ ಕಂಡೋನು" ಎಂದರು ಗುರುಶಾಂತಮ್ಮ. "ಅದನ್ನ ತೆಗೆದಿಟ್ಟ ಮುಖ ಈ ಊರಲ್ಲಿ ನಾನೊಬ್ಬಳೇ ಅಲ್ವೇನ್ರಿ ನೋಡಿರೋದು."

ಏಕಾಂತಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ ಮೇಲೂ ತಕ್ಷಣ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಆ ಕಾಯಿ ಏನಾಯಿತೆಂದು ಕೇಳಿದರು.

"ಮಾರನೇ ದಿನ ದೋಸೆಗೆ ಚಟ್ನಿ ಮಾಡಿದ್ದೆ. ಎರಡು ಸಲ ಹಾಕಿಸ್ಕೊಂಡ್ರಿ."

ವಾರದ ರಜೆ ಮುಗಿಸಿ ವಾಚನಾಲಯ ತೆರೆದ ದಿನ ಏಕಾಂತಯ್ಯನವರು ಮಾಡಿದ ಮೊದಲ ಕೆಲಸ ಬೀರುವಿನ ಬೀಗ ತೆಗೆದದ್ದು. ಮೂವತ್ತೆರಡು ಪುಟದ ಆ ಚಿತ್ರಕಥೆಯ ಧೂಳು ಒರೆಸಿ ಹೊರಗೆ ತಂದರು. ಕಥೆಗಳ ಸಾಲಿನ ಮುಂದೆ ಒಂದು ಕ್ಷಣ ನಿಂತರು. ನಂತರ ಮುಂದೆ ನಡೆದು, ಜೀವನ ಚರಿತ್ರೆಗಳ ಸಾಲಿನಲ್ಲಿ ಅದಕ್ಕೊಂದು ಜಾಗ ಮಾಡಿ ನಿಲ್ಲಿಸಿದರು.